ಹ್ಯಾರಿಯೆಟ್ ಟಬ್ಮನ್ ಅಂಚೆಚೀಟಿಗೆ ಅಷ್ಟು ಮಹತ್ವ ಯಾಕೆ?

ಜನರನ್ನು ಗುಲಾಮಗಿರಿಯಿಂದ ಬಿಡಿಸಿದ ಟಬ್ಮನ್, ಅಮೆರಿಕದ ಅಂಚೆಚೀಟಿಯಲ್ಲಿ ಕಾಣಿಸಿಕೊಂಡ ಮೊದಲ ಕಪ್ಪು ಮಹಿಳೆ, ಅದಕ್ಕೇ. 1978ರ ಫೆಬ್ರವರಿ 1ರಂದು ಬಂದ ಈ ಚೀಟಿಯ ಬೆಲೆ 13 ಸೆಂಟ್. ಆಗ ಒಂದು ಮಾಮೂಲಿ ಕಾಗದ ಕಳಿಸಲು ಬೇಕಿದ್ದದ್ದು ಅಷ್ಟೇ. ಕಪ್ಪು ಅಮೆರಿಕನ್ನರನ್ನು ಗೌರವಿಸುವ 'ಬ್ಲ್ಯಾಕ್ ಹೆರಿಟೇಜ್' ಅಂಚೆಚೀಟಿ ಸರಣಿ ಶುರುವಾಗಿದ್ದೂ ಇದರಿಂದಲೇ.

ಚಿತ್ರ ಜೆರ್ರಿ ಪಿಂಕ್ನಿ ಅವರದು. ಟಬ್ಮನ್ ಮುಖದ ಜತೆ ಜನರನ್ನು ಹೊತ್ತ ಗಾಡಿಯೊಂದಿದೆ. ಅದು ಸುಮ್ನೆ ಅಲಂಕಾರಕ್ಕಲ್ಲ. 1849ರಲ್ಲಿ ಮೇರಿಲ್ಯಾಂಡ್ ರಾಜ್ಯದ ಗುಲಾಮಗಿರಿಯಿಂದ ತಪ್ಪಿಸಿಕೊಂಡ ಟಬ್ಮನ್, ಸಿಕ್ಕಿಬೀಳುವ ಭಯವಿದ್ದರೂ ಅಲ್ಲಿಗೇ ಸುಮಾರು 13 ಸಲ ಕದ್ದು ಹೋದರು. ಅಪ್ಪ, ಅಮ್ಮ, ಒಡಹುಟ್ಟಿದವರೂ ಸೇರಿ ಸುಮಾರು 70 ಜನರನ್ನು ಗುಲಾಮಗಿರಿಯಿಂದ ಬಿಡಿಸಿ ಕರೆತಂದರು. ಜಾಸ್ತಿ ಓಡಾಟ ಚಳಿಗಾಲದ ಉದ್ದ ರಾತ್ರಿಗಳಲ್ಲಿ. ಹೊರಡುತ್ತಿದ್ದದ್ದು ಶನಿವಾರ. ಓಡಿಹೋದವರ ಸುದ್ದಿ ಸೋಮವಾರದವರೆಗೆ ಪತ್ರಿಕೆಯಲ್ಲಿ ಅಚ್ಚಾಗುತ್ತಿರಲಿಲ್ಲ, ನೋಡಿ.