ಗಿಟಾರ್‌ಗೂ ಬೇಸ್ ಗಿಟಾರ್‌ಗೂ ಆಗುವ ಫಜ್ ಪೆಡಲ್ ಮನೆಯಲ್ಲೇ ಕಟ್ಟುವುದು ಹೇಗೆ?

ನೀವು ಕೇಳಿರುವುದು ಎರಡು ವಿಷಯ. ಗಿಟಾರ್, ಬೇಸ್ ಗಿಟಾರ್ ಎರಡಕ್ಕೂ ಹೊಂದುವ ಫಜ್ ಪೆಡಲ್ (ಸದ್ದನ್ನು ಒರಟಾಗಿ ಒಡೆದು ಗುಂಯ್‌ಗುಡಿಸುವ, ಕಾಲಲ್ಲಿ ಒತ್ತುವ ಪೆಟ್ಟಿಗೆ) ಕಟ್ಟಲು ಯಾವ ಸರ್ಕ್ಯೂಟ್ ಹಿಡಿಯಬೇಕು ಅನ್ನುವುದು ಒಂದು. ನೆಟ್‌ನಲ್ಲಿ ಸಿಕ್ಕ ಸರ್ಕ್ಯೂಟಿಗೆ ಬೇಸ್ ಗಿಟಾರ್ ಹಾಕಿದರೆ ದಪ್ಪ ತಂತಿಯ ತೂಕವೆಲ್ಲ ಹೋಗಿ ಜೇನುನೊಣದಂಥ ಸದ್ದು ಮಾತ್ರ ಉಳಿಯುವುದೇಕೆ ಅನ್ನುವುದು ಇನ್ನೊಂದು. ಮೊದಲನೆಯದಕ್ಕೆ ನನ್ನ ಆಯ್ಕೆ ಫಜ್ ಫೇಸ್. 1966ರಲ್ಲಿ ಇಂಗ್ಲೆಂಡಿನ ಆರ್ಬಿಟರ್ ಕಂಪನಿ ತಂದ ಈ ಪೆಡಲ್‌ನಲ್ಲಿರುವುದು ಎರಡು ಟ್ರಾನ್ಸಿಸ್ಟರ್, ನಾಲ್ಕು ರೆಸಿಸ್ಟರ್, ಮೂರು ಕೆಪಾಸಿಟರ್, ಎರಡು ಪಾಟ್ (ತಿರುಗಿಸಿ ಬೆಲೆ ಬದಲಿಸುವ ರೆಸಿಸ್ಟರ್), ಅಷ್ಟೇ. ಎರಡನೆಯದಕ್ಕೆ ಉತ್ತರ: ಕೆಪಾಸಿಟರ್ ಬದಲಾಯಿಸಿದರೆ ಅರ್ಧ ಸರಿಹೋಗುತ್ತದೆ. ಉಳಿದರ್ಧಕ್ಕೆ ಫಜ್ ಆಗದ ಮೂಲ ಸದ್ದನ್ನೂ ಜೊತೆಗೆ ಬೆರೆಸಬೇಕು.

ಮೊದಲ ಮಾದರಿಯಲ್ಲಿದ್ದ ಜರ್ಮೇನಿಯಂ ಟ್ರಾನ್ಸಿಸ್ಟರ್ ಹುಡುಕಲು ಹೋಗಬೇಡಿ. ಅದರ ಲೀಕೇಜ್ ಕರೆಂಟ್ (ಬೇಡದೆಯೂ ಸೋರುವ ಕರೆಂಟ್) ಸುಮಾರು ಪ್ರತಿ 10 ಡಿಗ್ರಿಗೆ ಇಮ್ಮಡಿಯಾಗುತ್ತದೆ. ಬೆಳಗಿನ ತಂಪಿನಲ್ಲಿ ಸರಿಯಾಗಿ ಕೂಡಿಸಿದ ಬಯಾಸ್ (ಸದ್ದಿಲ್ಲದಾಗ ಟ್ರಾನ್ಸಿಸ್ಟರ್ ನಿಲ್ಲುವ ವೋಲ್ಟೇಜ್) ರಾಯಚೂರು, ಕಲಬುರಗಿಯ ಮಧ್ಯಾಹ್ನಕ್ಕೆ ನಿಲ್ಲುವುದಿಲ್ಲ. ಮೇಲಾಗಿ ಪಿಎನ್‌ಪಿ ಜರ್ಮೇನಿಯಂ ಪೆಡಲ್‌ಗೆ ಪಾಸಿಟಿವ್ ಗ್ರೌಂಡ್ (ಸಪ್ಲೈನ ಪ್ಲಸ್ ಗ್ರೌಂಡಿಗೆ) ಇರುವುದರಿಂದ, ಬೇರೆ ಪೆಡಲ್‌ಗಳ ಜೊತೆ ಒಂದೇ ಅಡಾಪ್ಟರಿಗೆ ಸೇರಿಸಿದರೆ ಸಪ್ಲೈ ಷಾರ್ಟ್ ಆಗುತ್ತದೆ. ಎನ್‌ಪಿಎನ್ ಸಿಲಿಕಾನ್‌ನಲ್ಲಿ ಈ ಎರಡೂ ತಲೆನೋವಿಲ್ಲ. ಬಿಸಿ108 ಟ್ರಾನ್ಸಿಸ್ಟರ್ ಸಿಕ್ಕರೆ ಸರಿ, ಇಲ್ಲದಿದ್ದರೆ ಬೆಂಗಳೂರಿನ ಎಸ್‌ಪಿ ರೋಡಿನ ಯಾವ ಅಂಗಡಿಯಲ್ಲೂ ಸಿಗುವ ಬಿಸಿ547 ಸಾಕು. ಹೆಸರಿನ ಕೊನೆಯ ಅಕ್ಷರವೇ ಗುಂಪು: ಎ ಗುಂಪಿನದರ ಗೇನ್ (ಕರೆಂಟನ್ನು ಎಷ್ಟು ಪಟ್ಟು ಹೆಚ್ಚಿಸುತ್ತದೆ ಅನ್ನುವುದು) 110ರಿಂದ 220, ಬಿ ಗುಂಪಿನದು 200ರಿಂದ 450, ಸಿ ಗುಂಪಿನದು 420ರಿಂದ 800. ಸಿ ಬೇಡ, ಅದರಲ್ಲಿ ಹಿಸ್ ಹೆಚ್ಚು, ರೇಡಿಯೋ ಸ್ಟೇಷನ್ನೂ ನುಗ್ಗುತ್ತದೆ. ಹತ್ತು ಕೊಂಡು ಮಲ್ಟಿಮೀಟರಿನ ಎಚ್‌ಎಫ್‌ಇ ಸಾಕೆಟ್‌ನಲ್ಲಿ ಅಳೆದು, ಕಡಿಮೆ ಗೇನ್‌ನದನ್ನು ಮೊದಲ ಸ್ಥಾನಕ್ಕೆ, ಹೆಚ್ಚಿನದನ್ನು ಎರಡನೆಯದಕ್ಕೆ ಇಡಿ.

ಕಾಲುಗಳ ವಿಷಯದಲ್ಲಿ ಎಚ್ಚರ. ಬಿಸಿ547ರ ಚಪ್ಪಟೆ ಮುಖ ನಿಮ್ಮ ಕಡೆ, ಕಾಲು ಕೆಳಗೆ ಇದ್ದಾಗ ಎಡದಿಂದ ಕಲೆಕ್ಟರ್, ಬೇಸ್, ಎಮಿಟರ್. ಅಂಗಡಿಯವರು ಬದಲಿಗೆ 2ಎನ್3904 ಕೊಟ್ಟರೆ ಅದು ಸರಿ ಉಲ್ಟಾ: ಎಮಿಟರ್, ಬೇಸ್, ಕಲೆಕ್ಟರ್. ತಿರುಗಿಸಿ ಹಾಕಿದರೂ ಸದ್ದು ಸ್ವಲ್ಪ ಬರುತ್ತದೆ, ಅದಕ್ಕೇ ತಪ್ಪು ಬೇಗ ಗೊತ್ತಾಗುವುದಿಲ್ಲ.

ಮೊದಲು ಬ್ರೆಡ್‌ಬೋರ್ಡ್ (ಬೆಸುಗೆಯಿಲ್ಲದೆ ಚುಚ್ಚಿ ಜೋಡಿಸುವ ಹಲಗೆ) ಮೇಲೆ ಜೋಡಿಸಿ. ಇನ್‌ಪುಟ್‌ನಿಂದ 2.2 ಮೈಕ್ರೋಫ್ಯಾರಡ್ ಕೆಪಾಸಿಟರ್ ಮೂಲಕ ಮೊದಲ ಟ್ರಾನ್ಸಿಸ್ಟರಿನ ಬೇಸ್ ಕಾಲಿಗೆ. ಕೆಪಾಸಿಟರಿನ ಪ್ಲಸ್ ಟ್ರಾನ್ಸಿಸ್ಟರ್ ಕಡೆಗಿರಲಿ. ಮೊದಲನೆಯದರ ಎಮಿಟರ್ ನೇರ ಗ್ರೌಂಡಿಗೆ, ಕಲೆಕ್ಟರ್ 33 ಕೆ (ಕಿಲೋಓಮ್) ರೆಸಿಸ್ಟರ್ ಮೂಲಕ 9 ವೋಲ್ಟಿಗೆ. ಅದೇ ಕಲೆಕ್ಟರಿನಿಂದ ಎರಡನೆಯದರ ಬೇಸ್ ಕಾಲಿಗೆ ಬರೀ ತಂತಿ. ಎರಡನೆಯದರ ಎಮಿಟರ್ 1 ಕೆ ಫಜ್ ಪಾಟ್‌ನ ಒಂದು ತುದಿಗೆ, ಪಾಟ್‌ನ ಇನ್ನೊಂದು ತುದಿ ಗ್ರೌಂಡಿಗೆ, ನಡುವಿನ ಕಾಲಿನಿಂದ 22 ಮೈಕ್ರೋಫ್ಯಾರಡ್ ಗ್ರೌಂಡಿಗೆ, ಪ್ಲಸ್ ಪಾಟ್ ಕಡೆ. ಆ ಎಮಿಟರಿನಿಂದ ಮೊದಲನೆಯದರ ಬೇಸ್ ಕಾಲಿಗೆ 100 ಕೆ ಫೀಡ್‌ಬ್ಯಾಕ್ ರೆಸಿಸ್ಟರ್. ಎರಡನೆಯದರ ಕಲೆಕ್ಟರಿನಿಂದ 9 ವೋಲ್ಟಿಗೆ ಎರಡು ರೆಸಿಸ್ಟರ್ ಸಾಲಾಗಿ: ಕಲೆಕ್ಟರ್ ಕಡೆ 8.2 ಕೆ, ಸಪ್ಲೈ ಕಡೆ 330 ಓಮ್. ಎರಡೂ ಸೇರುವ ಜಾಗದಿಂದ 0.01 ಮೈಕ್ರೋಫ್ಯಾರಡ್ ಮೂಲಕ 500 ಕೆ ವಾಲ್ಯೂಮ್ ಪಾಟ್‌ಗೆ. 500 ಕೆ ಇಲ್ಲದಿದ್ದರೆ 470 ಕೆ ಆದೀತು.

ಇದು ಮೂಲ ನಕ್ಷೆ. ಇದರಲ್ಲಿ ಎರಡು ಬದಲಾವಣೆ ಈಗಲೇ ಮಾಡಿ. 330 ಓಮ್ ಇದ್ದರೆ ಹೊರಗೆ ಬರುವುದು ಒಟ್ಟು ಏರಿಳಿತದ ಸಣ್ಣ ತುಣುಕು, ಹೆಚ್ಚೆಂದರೆ 0.35 ವೋಲ್ಟ್. ವಾಲ್ಯೂಮ್ ಪೂರ್ತಿ ತಿರುಗಿಸಿದರೂ ಸಾಲದು ಅನ್ನಿಸುವುದು ಇದರಿಂದಲೇ. ಅಲ್ಲಿ 1 ಕೆ ಹಾಕಿ. 8.2 ಕೆ ಜಾಗದಲ್ಲಿ 10 ಕೆ ಪ್ರಿಸೆಟ್ (ಸ್ಕ್ರೂಡ್ರೈವರಿನಿಂದ ತಿರುಗಿಸುವ ಚಿಕ್ಕ ಪಾಟ್) ಕೂಡಿಸಿ ನಡುವಿಗೆ ತಿರುಗಿಸಿಡಿ.

ಪ್ರಿಸೆಟ್ ಯಾಕೆ ಅನ್ನುವುದೇ ಈ ಪೆಡಲ್‌ನ ಮುಖ್ಯ ವಿಷಯ, ಸ್ವಲ್ಪ ನಿಧಾನವಾಗಿ ನೋಡಿ. ಮೊದಲ ಟ್ರಾನ್ಸಿಸ್ಟರಿನ ಬೇಸ್ ಕರೆಂಟ್ 100 ಕೆ ಮೂಲಕವೇ ಬರಬೇಕು. ಅದರ ಗೇನ್ 300 ಇದ್ದರೆ ಆ ರೆಸಿಸ್ಟರಿನಲ್ಲಿ 0.08 ವೋಲ್ಟ್ ಇಳಿಯುತ್ತದೆ, 100 ಇದ್ದರೆ 0.23 ವೋಲ್ಟ್. ಹಾಗಾಗಿ ಎರಡನೆಯದರ ಎಮಿಟರ್ ಒಂದರಲ್ಲಿ 0.68 ವೋಲ್ಟಿಗೆ ನಿಂತರೆ ಇನ್ನೊಂದರಲ್ಲಿ 0.83ಕ್ಕೆ ನಿಲ್ಲುತ್ತದೆ. 1 ಕೆ ಪಾಟ್‌ನಲ್ಲಿ ಹರಿಯುವ ಕರೆಂಟ್ ಅಷ್ಟೇ ಮಿಲಿಆಂಪ್. ಇದು 8.2 ಕೆ, 330 ಓಮ್ ಮೂಲಕ ಹರಿದರೆ ಕಲೆಕ್ಟರ್ 3.2 ವೋಲ್ಟಿಗೋ 1.9 ವೋಲ್ಟಿಗೋ ಬಂದು ಕೂರುತ್ತದೆ. ನಮಗೆ ಬೇಕಾದದ್ದು 4.5 ವೋಲ್ಟ್, ಸಪ್ಲೈನ ಅರ್ಧ. ಅಲ್ಲಿದ್ದರೆ ಅಲೆಯ ಮೇಲ್ಭಾಗ, ಕೆಳಭಾಗ ಎರಡಕ್ಕೂ ಜಾಗ ಸಿಗುತ್ತದೆ. 2 ವೋಲ್ಟಿನ ಆಸುಪಾಸು ಇದ್ದರೆ ಸ್ವರ ಮಂದವಾಗುವಾಗ ಕಟ್‌ಕಟ್ ಎಂದು ಹರಿದು ನಿಂತುಬಿಡುತ್ತದೆ. ಮೀಟರಿನ ಕಪ್ಪು ಪ್ರೋಬ್ ಗ್ರೌಂಡಿಗೆ, ಕೆಂಪು ಎರಡನೆಯದರ ಕಲೆಕ್ಟರಿಗೆ ಹಿಡಿದು 4.5 ಬರುವವರೆಗೆ ಪ್ರಿಸೆಟ್ ತಿರುಗಿಸಿ. ಸಾಮಾನ್ಯವಾಗಿ 4ರಿಂದ 6 ಕೆ ನಡುವೆ ನಿಲ್ಲುತ್ತದೆ. ಬೇರೆ ಜಾಗಗಳಲ್ಲಿ ಇರಬೇಕಾದದ್ದು: ಮೊದಲನೆಯದರ ಬೇಸ್ ಕಾಲು ಸುಮಾರು 0.6, ಅದರ ಕಲೆಕ್ಟರ್ 1.2ರಿಂದ 1.5. ನಂತರ ಕಿವಿಗೆ ಕೇಳಿಸಿಕೊಂಡು ಅರ್ಧ ವೋಲ್ಟ್ ಆಚೀಚೆ ಮಾಡಿ. ಮೀಟರ್ ಹೇಳಿದ ಜಾಗಕ್ಕಿಂತ ಕಿವಿ ಮೆಚ್ಚಿದ ಜಾಗವನ್ನೇ ಉಳಿಸಿಕೊಳ್ಳಿ.

ಎರಡನೆಯದರ ಕಲೆಕ್ಟರ್ 9 ವೋಲ್ಟ್ ತೋರಿಸಿದರೆ ಆ ಟ್ರಾನ್ಸಿಸ್ಟರಿನಲ್ಲಿ ಕರೆಂಟೇ ಹರಿಯುತ್ತಿಲ್ಲ: ಯಾವುದೋ ಕಾಲು ತಪ್ಪು ಜಾಗದಲ್ಲಿದೆ, ಅಥವಾ ಫಜ್ ಪಾಟ್‌ನ ಗ್ರೌಂಡ್ ತಂತಿ ಬಿಟ್ಟಿದೆ. ಒಂದು ವೋಲ್ಟಿಗಿಂತ ಕೆಳಗಿದ್ದರೆ ಪ್ರಿಸೆಟ್ ಬೆಲೆ ಹೆಚ್ಚಾಗಿದೆ. ವೋಲ್ಟೇಜ್ ಎಲ್ಲ ಸರಿಯಿದ್ದೂ ಸದ್ದಿಲ್ಲದಿದ್ದರೆ 0.1 ಮೈಕ್ರೋಫ್ಯಾರಡ್ ಕೆಪಾಸಿಟರಿನ ಒಂದು ಕಾಲನ್ನು ಆಂಪ್‌ಗೆ ಹೋಗುವ ಕೇಬಲ್‌ನ ತುದಿಗೆ ಕಟ್ಟಿ, ಕೇಬಲ್‌ನ ಗ್ರೌಂಡನ್ನು ಸರ್ಕ್ಯೂಟ್ ಗ್ರೌಂಡಿಗೆ ಸೇರಿಸಿ, ಇನ್ನೊಂದು ಕಾಲಿನಿಂದ ಇನ್‌ಪುಟ್‌ನಿಂದ ಹೊರಟು ಒಂದೊಂದೇ ಜಾಗ ಮುಟ್ಟುತ್ತ ಬನ್ನಿ. ಸದ್ದು ಎಲ್ಲಿ ನಿಂತಿತೋ ತಪ್ಪು ಅಲ್ಲೇ ಇದೆ.

ರೇಡಿಯೋ ಕೇಳಿಸಿದರೆ ಮೊದಲ ಟ್ರಾನ್ಸಿಸ್ಟರಿನ ಕಲೆಕ್ಟರ್, ಬೇಸ್ ಕಾಲುಗಳ ನಡುವೆ 100 ಪಿಕೋಫ್ಯಾರಡ್ ಸೆರಾಮಿಕ್ ಹಾಕಿ. ಸ್ವಿಚ್ ಒತ್ತಿದಾಗ ಟಪ್ ಎಂದರೆ ಇನ್‌ಪುಟ್‌ನಿಂದ ಗ್ರೌಂಡಿಗೆ 1 ಮೆಗಾಓಮ್.

ಈಗ ಬೇಸ್ ಗಿಟಾರ್. ಸಾಮಾನ್ಯ ಗಿಟಾರಿನ ದಪ್ಪ ತಂತಿ 82 ಹರ್ಟ್ಸ್, ನಾಲ್ಕು ತಂತಿಯ ಬೇಸ್ ಗಿಟಾರಿನದು 41, ಐದು ತಂತಿಯದು 31. ತಗ್ಗು ಸ್ವರ ಎಲ್ಲಿ ಸೋರುತ್ತದೆ ಎಂದು ನೋಡಲು ಎಲ್ಲರೂ ಇನ್‌ಪುಟ್ ಕೆಪಾಸಿಟರಿಗೆ ಕೈಹಾಕುತ್ತಾರೆ. ಆದರೆ 2.2 ಮೈಕ್ರೋಫ್ಯಾರಡ್ ಬೇಕಾದಷ್ಟಿದೆ. ಸೋರುವುದು ಔಟ್‌ಪುಟ್‌ನಲ್ಲಿ. 0.01 ಮೈಕ್ರೋಫ್ಯಾರಡ್, 500 ಕೆ ಸೇರಿದರೆ 32 ಹರ್ಟ್ಸ್‌ನಿಂದ ಕೆಳಗೆ ಕತ್ತರಿಸುತ್ತದೆ, ಮುಂದಿನ ಆಂಪ್‌ನ ಹೊರೆ ಸೇರಿದರೆ 50ರ ಹತ್ತಿರ. 500 ಕೆ ಸಿಗಲಿಲ್ಲವೆಂದು 100 ಕೆ ಪಾಟ್ ಹಾಕಿದ್ದರೆ ಅದು 159 ಹರ್ಟ್ಸ್‌ಗೆ ಏರುತ್ತದೆ. ಆಗ ಬೇಸ್ ಗಿಟಾರ್ ಇರಲಿ, ಸಾಮಾನ್ಯ ಗಿಟಾರೇ ತೆಳ್ಳಗಾಗುತ್ತದೆ. ಔಟ್‌ಪುಟ್ ಕೆಪಾಸಿಟರ್ 0.1 ಮಾಡಿ, ಫಜ್ ಪಾಟ್‌ನ 22 ಮೈಕ್ರೋಫ್ಯಾರಡ್ ಬದಲು 100 ಹಾಕಿ.

ಇಷ್ಟಾದರೂ ಡ್ರಮ್ಸ್ ಜೊತೆ ನುಡಿಸಿದಾಗ ತಳ ಸಾಲದು ಅನ್ನಿಸುತ್ತದೆ. ಅಲೆ ಚೌಕಾಕಾರವಾದಾಗ ಮೇಲಿನ ಹಾರ್ಮೋನಿಕ್ಸ್ (ಮೂಲಸ್ವರದ ಜೊತೆ ಹುಟ್ಟುವ ಎತ್ತರದ ಸ್ವರಗಳು) ಮೂಲಸ್ವರವನ್ನು ಮುಚ್ಚುತ್ತವೆ, ಬೆರಳಿನ ಹೊಡೆತದ ಏರಿಳಿತವೂ ಸಮತಟ್ಟಾಗುತ್ತದೆ. ಇದಕ್ಕೇ ಬ್ಲೆಂಡ್, ಅಂದರೆ ಮೂಲ ಸದ್ದಿನ ಬೆರಕೆ ಬೇಕು. ಇಲ್ಲಿ ಫಜ್ ಫೇಸ್‌ನ ಒಂದು ಗುಣ ನೆರವಿಗೆ ಬರುತ್ತದೆ: ಎರಡು ಹಂತವೂ ಅಲೆಯನ್ನು ತಿರುವುವುದರಿಂದ ಕೊನೆಗೆ ಹೊರಬರುವುದು ನೇರ ಅಲೆ. ಒಂದೇ ಟ್ರಾನ್ಸಿಸ್ಟರಿನ ಫಜ್‌ಗೆ ಬ್ಲೆಂಡ್ ಸೇರಿಸಿದರೆ ಎರಡು ಸದ್ದೂ ಒಂದನ್ನೊಂದು ಕಡಿದುಕೊಂಡು ತಳ ಇನ್ನಷ್ಟು ಬಡವಾಗುತ್ತದೆ.

ಒಂದು ಟಿಎಲ್072 ಐಸಿ ಸಾಕು, ಅದರೊಳಗೆ ಎರಡು ಆಂಪ್ಲಿಫೈಯರ್ ಇವೆ. ಎರಡು 10 ಕೆ, ಒಂದು 47 ಮೈಕ್ರೋಫ್ಯಾರಡ್‌ನಿಂದ 4.5 ವೋಲ್ಟ್ ಮಾಡಿಕೊಳ್ಳಿ. ಬೇಸ್ ಗಿಟಾರಿನಿಂದ 0.1 ಮೈಕ್ರೋಫ್ಯಾರಡ್ ಮೂಲಕ ಐಸಿಯ ಮೊದಲ ಅರ್ಧಕ್ಕೆ, ಅಲ್ಲಿಂದ 4.5 ವೋಲ್ಟಿಗೆ 1 ಮೆಗಾಓಮ್. ಇದು ಬಫರ್: ಗಿಟಾರಿಗೆ ಹೊರೆಯಾಗದೆ ಸದ್ದನ್ನು ಹಾಗೇ ಮುಂದಕ್ಕೆ ಕೊಡುವ ಹಂತ. ಇದರ ಔಟ್‌ಪುಟ್ ಎರಡು ದಾರಿ ಹಿಡಿಯುತ್ತದೆ. ಒಂದು 10 ಕೆ ಮೂಲಕ ಫಜ್‌ನ 2.2 ಮೈಕ್ರೋಫ್ಯಾರಡ್‌ಗೆ. ಈ ಬಾರಿ ಅದರ ಪ್ಲಸ್ ಬಫರ್ ಕಡೆ ಇರಬೇಕು, ಏಕೆಂದರೆ ಬಫರ್ ಕಡೆ 4.5 ವೋಲ್ಟ್ ಇದೆ, ಟ್ರಾನ್ಸಿಸ್ಟರ್ ಕಡೆ 0.6 ಮಾತ್ರ. ಇನ್ನೊಂದು 1 ಮೈಕ್ರೋಫ್ಯಾರಡ್ ಮೂಲಕ 100 ಕೆ ಲೀನಿಯರ್ ಬ್ಲೆಂಡ್ ಪಾಟ್‌ನ ಒಂದು ತುದಿಗೆ. ಪಾಟ್‌ನ ಇನ್ನೊಂದು ತುದಿಗೆ ಫಜ್‌ನ ವಾಲ್ಯೂಮ್. ಬ್ಲೆಂಡ್ ಇರುವಾಗ ವಾಲ್ಯೂಮ್ ಪಾಟ್ 100 ಕೆ ಮಾಡಿ, ಅದರ ಹಿಂದಿನ ಕೆಪಾಸಿಟರ್ 0.22ಕ್ಕೆ ಏರಿಸಿ. ಬ್ಲೆಂಡ್ ಪಾಟ್‌ನ ನಡುಕಾಲು 0.1 ಮೈಕ್ರೋಫ್ಯಾರಡ್, 1 ಮೆಗಾಓಮ್‌ನೊಂದಿಗೆ ಐಸಿಯ ಎರಡನೇ ಅರ್ಧಕ್ಕೆ, ಅಲ್ಲಿಂದ 1 ಮೈಕ್ರೋಫ್ಯಾರಡ್ ಮೂಲಕ ಹೊರಗೆ.

ಆ 10 ಕೆ ಬಿಡಬೇಡಿ. ಫಜ್ ಫೇಸ್‌ನ ಇನ್‌ಪುಟ್ ಪ್ರತಿರೋಧ ಕೆಲವೇ ಕೆ ಓಮ್, ಅದು ಗಿಟಾರಿನ ಪಿಕಪ್‌ನ (ತಂತಿಯ ಕಂಪನ ಹಿಡಿಯುವ ಭಾಗದ) ಕಾಯಿಲ್ ಜೊತೆ ಸೇರಿ ಸದ್ದು ಮೆದುವಾಗುವಂತೆ ಕಟ್ಟಿದ್ದು. ಬಫರ್ ನೇರ ನೂಕಿದರೆ ಕರ್ಕಶವಾಗುತ್ತದೆ. ಬ್ಯಾಟರಿ ಇರುವ ಆ್ಯಕ್ಟಿವ್ ಬೇಸ್ ಗಿಟಾರಿಗೂ ಇದೇ ಮಾತು, ಅಲ್ಲಿ 47 ಕೆ ತನಕ ಹೋಗಬಹುದು. ಬಫರ್ ಇದ್ದಾಗ ಗಿಟಾರಿನ ವಾಲ್ಯೂಮ್ ಇಳಿಸಿ ಸದ್ದು ತಿಳಿಯಾಗಿಸುವ ಸೊಗಸು ಹೋಗುತ್ತದೆ. ಆದ್ದರಿಂದ ಗಿಟಾರಿಗೆ ಬಫರ್ ಇಲ್ಲದ ನೇರ ದಾರಿಯೇ ಇರಲಿ: ಒಂದು ಚಿಕ್ಕ ಟಾಗಲ್ ಸ್ವಿಚ್‌ನಿಂದ ಎರಡೂ ದಾರಿ ಬದಲಿಸುವಂತೆ ಮಾಡುವುದಾದರೆ ಇನ್‌ಪುಟ್ ಕೆಪಾಸಿಟರ್ ಎರಡಕ್ಕೂ ಬೇರೆ ಬೇರೆ ಇಡಿ, ಪ್ಲಸ್ ದಿಕ್ಕು ಬೇರೆಯಲ್ಲವೇ. ಗಿಟಾರ್ ಜೊತೆ ಈ ಪೆಡಲ್ ಸಾಲಿನಲ್ಲಿ ಮೊದಲನೆಯದಾಗಿರಬೇಕು.

ಅಂದಹಾಗೆ, ಫಜ್ ಬೇಸ್ ಗಿಟಾರಿಗೆ ಹೊರಗಿನದೇನಲ್ಲ. 1961ರಲ್ಲಿ ಅಮೆರಿಕದ ನ್ಯಾಶ್‌ವಿಲ್‌ನ ಒಂದು ಧ್ವನಿಮುದ್ರಿಕೆಯಲ್ಲಿ ಹೊರಬಂದು ಎಲ್ಲರ ಕಿವಿ ನಿಮಿರಿಸಿದ ಫಜ್, ಸ್ಟುಡಿಯೋದ ಕೆಟ್ಟಿದ್ದ ಕನ್ಸೋಲ್ ಚಾನೆಲ್ ಮೂಲಕ ಹಾದ, ಗಿಟಾರ್ ವಾದಕ ಗ್ರೇಡಿ ಮಾರ್ಟಿನ್ ಅವರ ಆರು ತಂತಿಯ ಬೇಸ್ ಗಿಟಾರಿನದು.

ಪವರ್‌ಗೆ 9 ವೋಲ್ಟ್, ನಡುಪಿನ್ ನೆಗೆಟಿವ್. ಮನೆಯಲ್ಲಿ ಬಿದ್ದಿರುವ ರೌಟರ್ ಅಡಾಪ್ಟರಿನ ನಡುಪಿನ್ ಸಾಮಾನ್ಯವಾಗಿ ಪಾಸಿಟಿವ್, ಅದನ್ನು ಚುಚ್ಚಬೇಡಿ. ಸಪ್ಲೈ ದಾರಿಯಲ್ಲಿ 1ಎನ್5817 ಡಯೋಡ್, 100 ಓಮ್, 100 ಮೈಕ್ರೋಫ್ಯಾರಡ್ ಹಾಕಿದರೆ ಉಲ್ಟಾ ಸಪ್ಲೈನಿಂದಲೂ ಹಮ್‌ನಿಂದಲೂ ಕಾಪಾಡುತ್ತವೆ. ಎಲೆಕ್ಟ್ರೊಲಿಟಿಕ್ (ಪ್ಲಸ್, ಮೈನಸ್ ಗುರುತಿರುವ ಕೆಪಾಸಿಟರ್) ಎಲ್ಲವೂ 25 ವೋಲ್ಟಿನವು. ಬ್ಯಾಟರಿ ಇಡುವುದಾದರೆ ಇನ್‌ಪುಟ್‌ಗೆ ಸ್ಟೀರಿಯೋ ಜಾಕ್ ತನ್ನಿ, ಬ್ಯಾಟರಿಯ ಮೈನಸ್ ರಿಂಗ್‌ಗೆ ಹೋಗಲಿ. ಕೇಬಲ್ ಕಿತ್ತರೆ ಪೆಡಲ್ ಆಫ್.

ಪೆಡಲ್ ಆನ್, ಆಫ್ ಮಾಡುವ 3ಪಿಡಿಟಿ ಕಾಲುಸ್ವಿಚ್ಚಿನ ಒಂಬತ್ತು ಕಾಲಿಗೆ ತಂತಿ ಬೆಸೆಯುವ ಮೊದಲು ಮೀಟರಿನ ಬೀಪ್ ಇಟ್ಟು ಯಾವ ಮೂರು ಒಂದು ಗುಂಪು ಎಂದು ನೋಡಿ, 90 ಡಿಗ್ರಿ ತಿರುಗಿಸಿ ಕಟ್ಟುವುದು ತೀರಾ ಸಾಮಾನ್ಯ. ಒಂದು ಕಾಲಿಗೆ ಎರಡು ಮೂರು ಸೆಕೆಂಡಿಗಿಂತ ಹೆಚ್ಚು ಬಿಸಿ ಕೊಟ್ಟರೆ ಒಳಗಿನ ಪ್ಲಾಸ್ಟಿಕ್ ಕರಗುತ್ತದೆ.

ಮೇಜಿನ ಮೇಲೆ ಚೆನ್ನಾಗಿದ್ದದ್ದು ಡಬ್ಬಿಗೆ ಹಾಕಿದ ಕೂಡಲೇ ಸತ್ತರೆ ಮೊದಲು ಡಿಸಿ ಜಾಕ್ ನೋಡಿ. ಲೋಹದ ಮೈಯಿರುವ ಜಾಕ್‌ನಲ್ಲಿ ಹೊರಗಿನ ಸುತ್ತೇ ಮೈ. ನಡುಪಿನ್ ನೆಗೆಟಿವ್ ಆದಾಗ ಆ ಸುತ್ತಿನಲ್ಲಿ ಪ್ಲಸ್ 9 ವೋಲ್ಟ್ ಇರುತ್ತದೆ, ಡಬ್ಬಿಯಲ್ಲಿ ಗ್ರೌಂಡ್. ಪ್ಲಾಸ್ಟಿಕ್ ಮೈಯ ಜಾಕ್ ಹಾಕಿ. ಅದು ಸರಿಯಿದ್ದರೆ ಪಾಟ್‌ಗಳ ಬೆನ್ನಿಗೆ ಬೋರ್ಡಿನ ಬೆಸುಗೆ ಚುಚ್ಚುತ್ತಿದೆಯೇ ನೋಡಿ, ನಡುವೆ ಒಂದು ತುಂಡು ದಪ್ಪ ಪ್ಲಾಸ್ಟಿಕ್ ಹಾಳೆ ಇಟ್ಟರೆ ಸಾಕು.