ಬಿಸಿಯಾದಾಗ ಮಿನುಗುವ ಕೆಂಪು ದೀಪ

ಪ್ರಶ್ನೆ: ನನ್ನದು ಕಾರ್ಬ್ಯುರೇಟರ್ ಇರುವ ಹಳೇ ಮಾರುತಿ 800. ಅರ್ಧ ಗಂಟೆ ಓಡಿಸಿ ಸಿಗ್ನಲ್‌ನಲ್ಲಿ ನಿಂತರೆ ಆಯಿಲ್ ದೀಪ ಮಿಣಮಿಣ ಎನ್ನುತ್ತದೆ, ಆಕ್ಸಿಲರೇಟರ್ ಒತ್ತಿದರೆ ಆರುತ್ತದೆ. ಆಯಿಲ್ ಕಡಿಮೆಯಾಗಿದೆಯೇ?

ಉತ್ತರ: ಆ ದೀಪ ಹೇಳುವುದು ಆಯಿಲ್‌ನ ಒತ್ತಡವನ್ನು, ಮಟ್ಟವನ್ನಲ್ಲ. ಆದರೂ ಮೊದಲು ಡಿಪ್‌ಸ್ಟಿಕ್ಕೇ (ಆಯಿಲ್ ಮಟ್ಟ ಅಳೆಯುವ ಕಡ್ಡಿ) ನೋಡಿ. ಸಮತಟ್ಟು ಜಾಗದಲ್ಲಿ ಎಂಜಿನ್ ಆರಿಸಿ, ಹತ್ತು ನಿಮಿಷ ಬಿಟ್ಟು, ಕಡ್ಡಿ ಒರೆಸಿ ಮತ್ತೆ ಅದ್ದಿ. ಕೆಳಗಿನ ಗುರುತಿಗಿಂತ ಇಳಿದಿದ್ದರೆ 200 ಮಿ.ಲೀ.ನಂತೆ ಹಾಕುತ್ತಾ ಅಳೆಯಿರಿ.

ಮಟ್ಟ ಸರಿಯಿದ್ದರೆ ಕಡ್ಡಿಯನ್ನು ಮೂಸಿ ನೋಡಿ. ಪೆಟ್ರೋಲ್ ವಾಸನೆ ಬಂದರೆ ಮೆಕ್ಯಾನಿಕಲ್ ಫ್ಯೂಯೆಲ್ ಪಂಪಿನ ಡಯಾಫ್ರಮ್ (ಒಳಗಿನ ತೆಳು ಪೊರೆ) ಹರಿದಿರಬಹುದು. ಪೆಟ್ರೋಲ್ ಸೇರಿದ ಆಯಿಲ್ ನೀರಾಗಿ ಒತ್ತಡ ಕುಸಿಯುತ್ತದೆ, ಮಟ್ಟ ಮಾತ್ರ ಏರಿದಂತೆ ಕಾಣುತ್ತದೆ. ಆಗ ಪಂಪ್, ಆಯಿಲ್, ಫಿಲ್ಟರ್ ಮೂರನ್ನೂ ಬದಲಿಸಬೇಕು.

ವಾಸನೆ ಇಲ್ಲವೇ? ಈ ದೀಪ ಹೊತ್ತಿಸುವ ಪ್ರೆಶರ್ ಸ್ವಿಚ್ ಬಿಚ್ಚಿಸಿ, ಆ ಜಾಗಕ್ಕೆ ಒತ್ತಡ ಅಳೆಯುವ ಗೇಜ್ ಹಾಕಿಸಿ, ಎಂಜಿನ್ ಬಿಸಿಯಿದ್ದಾಗಲೇ ಅಳೆಸಿ. ಪ್ರತಿ 1000 ಆರ್‌ಪಿಎಂಗೆ (ಎಂಜಿನ್ ನಿಮಿಷಕ್ಕೆ ಸುತ್ತುವ ಸುತ್ತು) ಸುಮಾರು 10 ಪಿಎಸ್‌ಐ (ಒತ್ತಡದ ಅಳತೆ) ಎಂಬುದು ಗ್ಯಾರೇಜಿನ ಒರಟು ಲೆಕ್ಕ. ಅಷ್ಟು ಬಂದರೆ ಕೆಟ್ಟಿರುವುದು ಸ್ವಿಚ್, ಅಗ್ಗದಲ್ಲಿ ಮುಗಿಯಿತು. ಬರದಿದ್ದರೆ ಆಯಿಲ್ ಸೋಸುವ ಸ್ಟ್ರೈನರ್ ಕಟ್ಟಿದೆಯೇ, ಆಯಿಲ್ ಪಂಪ್, ಎಂಜಿನ್ ಬೇರಿಂಗ್ ಸವೆದಿವೆಯೇ ನೋಡಿಸಿ. ದಪ್ಪ ಆಯಿಲ್ ಹಾಕಿ ದೀಪ ಆರಿಸುವುದು ರೋಗ ಮುಚ್ಚಿಡುವ ಕೆಲಸ.

ಓಡುವಾಗಲೇ ದೀಪ ಹೊತ್ತಿ ನಿಂತರೆ ತಕ್ಷಣ ಪಕ್ಕಕ್ಕೆ ನಿಲ್ಲಿಸಿ ಎಂಜಿನ್ ಆರಿಸಿ. ಗ್ಯಾರೇಜಿಗೆ ಟೋ ಮಾಡಿಸಿ.