ಸಿಎನ್‌ಸಿ ಲೇತ್‌ನಲ್ಲಿ (ಕಂಪ್ಯೂಟರ್ ನಡೆಸುವ, ರಾಡ್ ತಿರುಗಿಸಿ ಕಡೆಯುವ ಮೆಷಿನ್) ಆಫ್‌ಸೆಟ್ ಹಾಕೋಕೆ ಟೂಲ್ ಸುಮ್ನೆ ತಾಗಿಸಿದರೆ ಸಾಲದೇ? ಕಟ್ ಮಾಡಿ ಅಳೆಯೋದು ಯಾಕೆ?

ಕಟ್ ಆದ ಮೈಯ ಅಳತೆಯೇ ಟೂಲ್ ತುದಿ ಇದ್ದ ನಿಜವಾದ ಜಾಗ, ಅದಕ್ಕೇ. ಮೆಷಿನ್‌ಗೆ ಟರೆಟ್, ಅಂದರೆ ಟೂಲ್‌ಗಳನ್ನು ಹಿಡಿದಿರುವ ತಲೆ, ಎಲ್ಲಿದೆ ಅಂತ ಗೊತ್ತು. ಅದರಿಂದ ಟೂಲ್ ತುದಿ ಎಷ್ಟು ಆಚೆಗಿದೆ ಅನ್ನೋದನ್ನು ನಾವೇ ಹೇಳಬೇಕು. ಆ ಅಂತರವೇ ಆಫ್‌ಸೆಟ್. ಕಚ್ಚಾ ರಾಡ್ ಅದನ್ನು ಹಿಡಿದಿರುವ ಚಕ್‌ನಲ್ಲಿ ಸ್ವಲ್ಪವಾದರೂ ಓಲಾಡುತ್ತದೆ, ಹಾಗಾಗಿ ಅದಕ್ಕೆ ತಾಗಿಸಿ ಸಿಕ್ಕ ಅಳತೆ ನಂಬುವಂಥದ್ದಲ್ಲ.

ತೆಳುವಾಗಿ ಒಂದು ಕಟ್ ತೆಗೆಯಿರಿ. ಆಮೇಲೆ ಎಕ್ಸ್ (ರಾಡ್‌ನ ವ್ಯಾಸದ ದಿಕ್ಕು) ಮುಟ್ಟಲೇಬೇಡಿ, ಝಡ್‌ನಲ್ಲಿ (ರಾಡ್‌ನ ಉದ್ದದ ದಿಕ್ಕು) ಮಾತ್ರ ಹಿಂದೆ ಬನ್ನಿ. ಹೊಸಬರು ಜಾಸ್ತಿ ಎಡವೋದು ಇಲ್ಲೇ. ಚಕ್ ತಿರುಗಿಸುವ ಸ್ಪಿಂಡಲ್ ಪೂರ್ತಿ ನಿಂತ ಮೇಲೆ ಮೈಕ್ರೋಮೀಟರ್ ಹಿಡಿದು ಕಟ್ ಆದ ಕಡೆ ವ್ಯಾಸ ಅಳೆಯಿರಿ. 48.36 ಮಿ.ಮೀ. ಬಂತು ಅನ್ನಿ. ಮೆಷಿನ್ ಪರದೆಯಲ್ಲಿ ಮೂಲ ಆಫ್‌ಸೆಟ್ ಇರುವ ಜಾಮೆಟ್ರಿ ಪುಟದಲ್ಲಿ ಆ ಟೂಲ್‌ನ ಸಾಲಿಗೆ ಹೋಗಿ, ಫಾನುಕ್ ಕಂಟ್ರೋಲ್ ಆದರೆ X48.36 ಬರೆದು ಮೆಷರ್ ಒತ್ತಿ. ಕಳೆಯುವ ಲೆಕ್ಕ ಅದೇ ಮಾಡಿಕೊಳ್ಳುತ್ತದೆ. ಝಡ್‌ಗೆ ರಾಡ್‌ನ ತುದಿಯ ಮುಖವನ್ನು ಸಮನಾಗಿ ಕಟ್ ಮಾಡಿ (ಫೇಸ್ ಮಾಡಿ), ಎಕ್ಸ್‌ನಲ್ಲಿ ಮಾತ್ರ ಹೊರಬಂದು, ಹಾಗೆಯೇ Z0 ಬರೆದು ಮೆಷರ್ ಕೊಡಿ.

ಮೊದಲ ಪೀಸ್ 0.04 ಮಿ.ಮೀ. ದಪ್ಪ ಬಂದರೆ ಜಾಮೆಟ್ರಿ ಕೆದಕಬೇಡಿ. ಸಣ್ಣ ತಿದ್ದುಪಡಿಗೆಂದೇ ಇರುವ ವೇರ್ ಪುಟದ ಎಕ್ಸ್‌ನಲ್ಲಿ -0.04 ಸೇರಿಸಿ. ಅರ್ಧ ಮಾಡಬೇಡಿ, ಸಾಮಾನ್ಯವಾಗಿ ಅಲ್ಲಿ ಎಕ್ಸ್ ಅಂದರೆ ವ್ಯಾಸದ ಲೆಕ್ಕವೇ.